ರಾಜನ ಹೆಗಲೇರಿ ನಕ್ಕ ಬೇತಾಳ

ಹಿಡಿದ ಕೆಲಸವನ್ನು ಕೈಬಿಡದವನನ್ನು ಕನ್ನಡಿಗರು 'ಛಲ ಬಿಡದ ತ್ರಿವಿಕ್ರಮ' ಎನ್ನುತ್ತಾರೆ. ಎಷ್ಟು ಕೊಡವಿದರೂ ತೊಲಗದೆ ಕಾಡುವವನನ್ನು 'ಬೆನ್ನು ಬಿಡದ ಬೇತಾಳ' ಎಂದು ಬೈಯುತ್ತಾರೆ. ಈ ಎರಡೂ ಮಾತುಗಳ ಹಿಂದೆ ಇರುವುದು ಒಂದೇ ಕಥೆ. ಒಂದೇ ರಾತ್ರಿ, ಒಂದೇ ಸ್ಮಶಾನ, ಒಬ್ಬ ರಾಜ ಮತ್ತು ಅವನ ಹೆಗಲ ಮೇಲೊಂದು ಹೆಣ.

ದೆವ್ವದ ಕಥೆಯಲ್ಲಿ ದೆವ್ವದ ಕೆಲಸ ಹೆದರಿಸುವುದು. ಬೇತಾಳಕ್ಕೂ ಆ ಶಕ್ತಿ ಇಲ್ಲದಿಲ್ಲ. ಆದರೆ ಅದರ ಮನಸ್ಸಿರುವುದು ಚೇಷ್ಟೆಯಲ್ಲಿ. ಹೆಣದೊಳಗೆ ಕುಳಿತು ನಗುತ್ತದೆ, ಕಥೆ ಹೇಳುತ್ತದೆ, ಕೊನೆಗೊಂದು ತೊಡಕಿನ ಪ್ರಶ್ನೆ ಒಡ್ಡುತ್ತದೆ. ಉತ್ತರ ಬಂದ ಕೂಡಲೇ ಹೆಗಲಿನಿಂದ ಮಾಯವಾಗಿ ಮತ್ತೆ ಮರದಲ್ಲಿ ನೇತಾಡುತ್ತದೆ. ಸಾವಿರ ವರ್ಷಗಳಿಂದ ದೊಡ್ಡವರನ್ನೂ ಮಕ್ಕಳನ್ನೂ ಒಟ್ಟಿಗೇ ಬೆದರಿಸಿ ನಗಿಸಿರುವ ಈ ತುಂಟ ದೆವ್ವವನ್ನು ಕಥೆಯ ಖಳನೆಂದೇ ಓದುಗರು ಮೊದಲು ಎಣಿಸುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಆ ಎಣಿಕೆ ತಲೆಕೆಳಗಾಗುತ್ತದೆ.

ಕಥೆ ಕೇಳಿದ ರಾಣಿ

'ವೇತಾಳ' ಸಂಸ್ಕೃತದ ಮಾತು. 'ಬೇತಾಳ' ಅದರ ತದ್ಭವ. ಹೆಣವನ್ನು ಹೊಕ್ಕು ಅದನ್ನು ಆಡಿಸುವ ಭೂತಕ್ಕೆ ಈ ಹೆಸರು. ಇಪ್ಪತ್ತೈದು ಬೇತಾಳ ಕಥೆಗಳ ಪ್ರಸಿದ್ಧ ರೂಪ ದೊರೆಯುವುದು ಕಾಶ್ಮೀರದ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ. 18 ಲಂಬಕಗಳ ಆ ಮಹಾಗ್ರಂಥದ 12ನೆಯ ಲಂಬಕದಲ್ಲಿ ಅವು ಬರುತ್ತವೆ. ಅವನಿಗಿಂತ ತುಸು ಹಿಂದೆ ಕ್ಷೇಮೇಂದ್ರ 'ಬೃಹತ್ಕಥಾಮಂಜರಿ'ಯಲ್ಲಿ ಇವೇ ಕಥೆಗಳನ್ನು ಸಂಕ್ಷೇಪವಾಗಿ ಹೇಳಿದ್ದ. ಇಬ್ಬರೂ ಆಧಾರವಾಗಿ ಇಟ್ಟುಕೊಂಡದ್ದು ಗುಣಾಢ್ಯ ಪೈಶಾಚಿ ಭಾಷೆಯಲ್ಲಿ ಬರೆದನೆನ್ನಲಾದ, ಈಗ ಕಳೆದುಹೋಗಿರುವ 'ಬೃಹತ್ಕಥೆ'ಯ ಪರಂಪರೆಯನ್ನು. ಶಿವದಾಸ, ಜಂಭಲದತ್ತ ಮೊದಲಾದವರು ಇವನ್ನು ಪ್ರತ್ಯೇಕ ಗ್ರಂಥಗಳಾಗಿಯೂ ಹೇಳಿದ್ದಾರೆ.

ಸೋಮದೇವ ಬರೆದದ್ದು ಕಾಶ್ಮೀರದ ರಾಜ ಅನಂತನ ರಾಣಿ ಸೂರ್ಯಮತಿಯ ಮನರಂಜನೆಗಾಗಿ. ಆ ರಾಣಿಗೆ ಮನಸ್ಸಿನ ಭಾರ ಇಳಿಸಿಕೊಳ್ಳಬೇಕಾದ ಕಾರಣಗಳಿದ್ದವು. ಕಲ್ಹಣನ 'ರಾಜತರಂಗಿಣಿ'ಯ ಪ್ರಕಾರ, 1063ರಲ್ಲಿ ಅನಂತ ಮಗ ಕಲಶನಿಗೆ ಪಟ್ಟ ಕಟ್ಟಿದ್ದು ರಾಣಿಯ ಒತ್ತಾಯದಿಂದಲೇ. ಮುಂದೆ ತಂದೆ-ಮಗನ ನಡುವೆ ವೈರ ಬೆಳೆಯಿತು. 1081ರಲ್ಲಿ ಅನಂತ ಆತ್ಮಹತ್ಯೆ ಮಾಡಿಕೊಂಡ, ಸೂರ್ಯಮತಿ ಚಿತೆಯೇರಿದಳು. ಈ ಎರಡು ಘಟನೆಗಳ ನಡುವಿನ ವರ್ಷಗಳಲ್ಲಿ ಗ್ರಂಥ ಸಿದ್ಧವಾಯಿತು ಎಂಬುದು ವಿದ್ವಾಂಸರ ಅಭಿಪ್ರಾಯ. ಯಾರನ್ನು ನಂಬಬೇಕು, ತಪ್ಪು ಯಾರದು, ಅರಸನಾದವನು ಯಾವಾಗ ಮಾತಾಡಬೇಕು ಎಂದು ಒಂದು ದೆವ್ವ ಕೇಳುವ ಕಥೆಗಳು ಇಂಥ ಅರಮನೆಯಲ್ಲಿ ಬರಿಯ ಹೊತ್ತುಗಳೆಯುವ ಕಥೆಗಳಾಗಿ ಕೇಳಿಸಿರಲಾರವು.

ಹಣ್ಣು ತಂದವನು

ಕಥೆಯ ಆರಂಭದಲ್ಲಿ ದೆವ್ವದ ಸುಳಿವೇ ಇಲ್ಲ. ಗೋದಾವರಿ ತೀರದ ಪ್ರತಿಷ್ಠಾನದಲ್ಲಿ, ಅಂದರೆ ಈಗಿನ ಮಹಾರಾಷ್ಟ್ರದ ಪೈಠಣದಲ್ಲಿ, ತ್ರಿವಿಕ್ರಮಸೇನನೆಂಬ ರಾಜ. ಅವನ ಆಸ್ಥಾನಕ್ಕೆ ದಿನವೂ ಒಬ್ಬ ಭಿಕ್ಷು ಬಂದು, ಒಂದು ಹಣ್ಣನ್ನು ಕೊಟ್ಟು, ಏನನ್ನೂ ಕೇಳದೆ ಹೋಗುತ್ತಾನೆ. ರಾಜ ಅದನ್ನು ಭಂಡಾರದವನ ಕೈಗೆ ದಾಟಿಸುತ್ತಾನೆ. ಹೀಗೆ ಹತ್ತು ವರ್ಷ ನಡೆಯುತ್ತದೆ. ಒಂದು ದಿನ ಸಾಕಿದ ಕೋತಿಯೊಂದು ಆ ಹಣ್ಣನ್ನು ಕಚ್ಚಿದಾಗ ಒಳಗಿಂದ ಅಮೂಲ್ಯ ರತ್ನ ಉದುರುತ್ತದೆ. ಭಂಡಾರದಲ್ಲಿ ನೋಡಿದರೆ ಹಳೆಯ ಹಣ್ಣುಗಳೆಲ್ಲ ಕೊಳೆತುಹೋಗಿ ರತ್ನಗಳ ರಾಶಿ ಉಳಿದಿದೆ.

ಇಷ್ಟು ಕೊಟ್ಟವನಿಗೆ ಪ್ರತಿಯಾಗಿ ಏನು ಬೇಕು? ಮಂತ್ರಸಿದ್ಧಿಗೆ ಒಬ್ಬ ವೀರನ ಸಹಾಯ ಬೇಕು, ಕೃಷ್ಣ ಚತುರ್ದಶಿಯ ರಾತ್ರಿ ಸ್ಮಶಾನಕ್ಕೆ ಬರಬೇಕು ಎನ್ನುತ್ತಾನೆ ಭಿಕ್ಷು. ರಾಜ ಒಪ್ಪುತ್ತಾನೆ. ಅಲ್ಲಿಗೆ ಹೋದಾಗ ಸಿಗುವ ಅಪ್ಪಣೆ: ದಕ್ಷಿಣಕ್ಕೆ ದೂರದಲ್ಲಿ ಶಿಂಶಪಾ ಮರವೊಂದಿದೆ, ಅದರಲ್ಲಿ ನೇತಾಡುವ ಹೆಣವನ್ನು ತರಬೇಕು. ಶಿಂಶಪಾ ಬೀಟೆಯ ಜಾತಿಗೆ ಸೇರಿದ ಮರ. ಅಶೋಕವನದಲ್ಲಿ ಹನುಮಂತ ಅವಿತು ಕುಳಿತದ್ದೂ ಇದೇ ಮರದಲ್ಲಿ ಎನ್ನುತ್ತದೆ ವಾಲ್ಮೀಕಿ ರಾಮಾಯಣ. ಭಿಕ್ಷುವಿನ ಹೆಸರು ಕ್ಷಾಂತಿಶೀಲ, ಎಂದರೆ ತಾಳ್ಮೆಯೇ ಸ್ವಭಾವವಾದವನು. ಹತ್ತು ವರ್ಷ ಹಣ್ಣು ಹೊತ್ತವನಿಗೆ ಒಪ್ಪುವ ಹೆಸರೇ.

ನಕ್ಕರೂ ಕಷ್ಟ

ರಾಜ ಮರ ಹತ್ತಿ ಹಗ್ಗ ಕತ್ತರಿಸುತ್ತಾನೆ. ಕೆಳಗೆ ಬಿದ್ದ ಹೆಣ ನೋವಾದವರಂತೆ ಕೂಗಿಕೊಳ್ಳುತ್ತದೆ. ಪಾಪ, ಇನ್ನೂ ಜೀವವಿದೆಯೇನೋ ಎಂದು ರಾಜ ಇಳಿದುಬಂದು ಮೈ ನೇವರಿಸುತ್ತಾನೆ. ಅದು ಗಹಗಹಿಸಿ ನಗುತ್ತದೆ. ಏಕೆ ನಗುವೆ, ನಡೆ ಹೋಗೋಣ ಎಂದು ರಾಜ ಬಾಯಿ ತೆರೆದದ್ದೇ ತಡ, ಹೆಣ ನೆಲದಲ್ಲಿಲ್ಲ. ಮತ್ತೆ ಕೊಂಬೆಯಲ್ಲಿ ತೂಗುತ್ತಿದೆ. ಬೇತಾಳನ ಮೊದಲ ಕುಚೇಷ್ಟೆ ಇದು. ಕನಿಕರ ತೋರಿದವನನ್ನೇ ಬೇಸ್ತು ಬೀಳಿಸಿ, ಮಾತಾಡಿದರೆ ಕೆಲಸ ಕೆಟ್ಟಿತು ಎಂಬ ಪಾಠವನ್ನು ಹೇಳದೆಯೇ ಹೇಳಿಬಿಡುತ್ತದೆ.

ಎರಡನೆಯ ಸಲ ರಾಜ ತುಟಿ ಬಿಚ್ಚದೆ ಹೆಣ ಹೊತ್ತು ನಡೆಯುತ್ತಾನೆ. ಆಗ ಬೇತಾಳ ದಾರಿಯ ಬೇಸರ ಕಳೆಯಲು ಕಥೆ ಹೇಳತೊಡಗುತ್ತದೆ. ಕೊನೆಯಲ್ಲಿ ಪ್ರಶ್ನೆ, ಜೊತೆಗೊಂದು ಶರತ್ತು: ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ನೂರು ಹೋಳಾಗುತ್ತದೆ. ಹೇಳಿದರೆ ಮೌನ ಮುರಿದು ಹೆಣ ಮರಕ್ಕೆ ಹಾರುತ್ತದೆ. ಬಾಯಿ ಬಿಟ್ಟರೆ ಪಟ್ಟ ಶ್ರಮ ವ್ಯರ್ಥ. ಬಿಡದಿದ್ದರೆ ತಲೆಯೇ ಇಲ್ಲ. ಅತ್ತ ದರಿ, ಇತ್ತ ಪುಲಿ.

ಪ್ರಶ್ನೆಗಳಲ್ಲಿ ಕೆಲವು ನಗೆ ತರಿಸುವಂಥವು. ಮೂವರು ಸೂಕ್ಷ್ಮಮತಿ ಸೋದರರ ಕಥೆಯಲ್ಲಿ ಒಬ್ಬ ಊಟದಲ್ಲಿ ನಾಜೂಕು. ಅರಮನೆಯ ಅನ್ನದಲ್ಲಿ ಅವನಿಗೆ ಹೆಣ ಸುಟ್ಟ ವಾಸನೆ ಬರುತ್ತದೆ; ವಿಚಾರಿಸಿದರೆ ಆ ಅಕ್ಕಿ ಸ್ಮಶಾನದ ಪಕ್ಕದ ಗದ್ದೆಯದು. ಇನ್ನೊಬ್ಬ ಹೆಣ್ಣಿನ ವಿಷಯದಲ್ಲಿ ನಾಜೂಕು. ಸುಂದರಿಯೊಬ್ಬಳ ಬಳಿ ಅವನಿಗೆ ಆಡಿನ ವಾಸನೆ. ಅವಳು ಎಳವೆಯಲ್ಲಿ ಆಡಿನ ಹಾಲು ಕುಡಿದು ಬೆಳೆದವಳು. ಮೂರನೆಯವನು ಹಾಸಿಗೆಯಲ್ಲಿ ನಾಜೂಕು. ಏಳು ಹಾಸಿಗೆಗಳ ಕೆಳಗಿದ್ದ ಒಂದೇ ಒಂದು ಕೂದಲು ಅವನ ಪಕ್ಕೆಯಲ್ಲಿ ಕೆಂಪು ಬರೆ ಎಬ್ಬಿಸುತ್ತದೆ. ಇವರಲ್ಲಿ ಹೆಚ್ಚಿನವನು ಯಾರು? ಮೂರನೆಯವನು, ಎನ್ನುತ್ತಾನೆ ರಾಜ. ಉಳಿದಿಬ್ಬರು ಮೊದಲೇ ಯಾರನ್ನೋ ಕೇಳಿ ತಿಳಿದಿರಬಹುದು. ಇವನ ಮೈಮೇಲಿನ ಗುರುತು ಮಾತ್ರ ಎಲ್ಲರ ಕಣ್ಣಿಗೆ ಕಂಡ ಸಾಕ್ಷಿ. ನಗೆಯ ಕಥೆಯೊಳಗೆ ನ್ಯಾಯಾಲಯದ ತರ್ಕ!

ಸತ್ತ ಪ್ರಾಣಿಗೆ ತಮ್ಮ ತಮ್ಮ ವಿದ್ಯೆಯಿಂದ ಮಾಂಸ, ಚರ್ಮ, ಅವಯವ, ಪ್ರಾಣ ಕೊಟ್ಟು, ಅದು ಸಿಂಹವಾಗಿ ಎದ್ದಾಗ ಅದಕ್ಕೇ ತುತ್ತಾದ ನಾಲ್ವರು ಸೋದರರ ಕಥೆಯೂ ಇಲ್ಲಿಯದೇ. ತಪ್ಪು ಪ್ರಾಣ ಕೊಟ್ಟವನದು ಎಂಬುದು ರಾಜನ ತೀರ್ಪು. ಉಳಿದವರಿಗೆ ಅದು ಯಾವ ಪ್ರಾಣಿ ಎಂಬುದೇ ತಿಳಿದಿರಲಿಲ್ಲ. ಅವನು ಸಿಂಹವನ್ನು ಕಣ್ಣಾರೆ ಕಂಡೂ ಜೀವ ತುಂಬಿದ. ವೀರವರನ ಕಥೆಯಲ್ಲಿ ಬೇತಾಳ ರಾಜತನಕ್ಕೇ ಕೈಹಾಕುತ್ತದೆ. ಒಡೆಯನ ಆಯುಸ್ಸಿಗಾಗಿ ಸೇವಕನ ಕುಟುಂಬವೆಲ್ಲ ಪ್ರಾಣ ಕೊಡುತ್ತದೆ. ಅದನ್ನು ಕಂಡು ರಾಜ ಶೂದ್ರಕ ತಾನೂ ಕತ್ತು ಕತ್ತರಿಸಿಕೊಳ್ಳಲು ಹೊರಡುತ್ತಾನೆ. ಹಿರಿಯರು ಯಾರು? ಶೂದ್ರಕ, ಎಂಬುದು ಉತ್ತರ. ಸೇವಕರು ಅರಸನಿಗಾಗಿ ಸಾಯುವುದು ಲೋಕರೂಢಿ. ಸೇವಕರಿಗಾಗಿ ಸಾಯಲು ಎದ್ದ ಅರಸ ಅಪರೂಪ.

ಉತ್ತರವಿಲ್ಲದ ಪ್ರಶ್ನೆ

ಹೀಗೆ ರಾಜ 23 ಬಾರಿ ಬಾಯಿ ತೆರೆಯುತ್ತಾನೆ; 23 ಬಾರಿಯೂ ಹಿಂದಿರುಗಿ ಮರ ಹತ್ತುತ್ತಾನೆ. 24ನೆಯ ಕಥೆಯಲ್ಲಿ ತಂದೆ-ಮಗ ಇಬ್ಬರು ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆ ಗುರುತು ಕಾಣುತ್ತಾರೆ. ದೊಡ್ಡ ಪಾದದವಳು ತಂದೆಗೆ, ಚಿಕ್ಕ ಪಾದದವಳು ಮಗನಿಗೆ ಎಂದು ಮಾತಾಗುತ್ತದೆ. ನೋಡಿದರೆ ಚಿಕ್ಕ ಪಾದದವಳು ತಾಯಿ, ದೊಡ್ಡ ಪಾದದವಳು ಮಗಳು! ಕೊಟ್ಟ ಮಾತಿನಂತೆ ಮಗ ತಾಯಿಯನ್ನೂ ತಂದೆ ಮಗಳನ್ನೂ ವರಿಸುತ್ತಾರೆ. ಇವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ತಿಳಿಯುವುದಿಲ್ಲ. ತಿಳಿಯದ ಕಾರಣ ಸುಮ್ಮನೆ ನಡೆಯುತ್ತಾನೆ.

ಇಲ್ಲಿಯೇ ಕಥೆಯ ಮರ್ಮವಿದೆ. ಗೊತ್ತಿದ್ದಾಗ ರಾಜ ಒಮ್ಮೆಯೂ ಮೌನದ ಮರೆಗೆ ಸರಿಯಲಿಲ್ಲ. ಗೊತ್ತಿಲ್ಲದಾಗ ಗೊತ್ತಿರುವವನಂತೆ ನಟಿಸಲಿಲ್ಲ. ಅಧಿಕಾರದಲ್ಲಿರುವವರ ಸಾಮಾನ್ಯ ರೂಢಿ ಇದಕ್ಕೆ ವಿರುದ್ಧ. ತಿಳಿದದ್ದನ್ನು ನುಂಗಿಕೊಂಡು, ತಿಳಿಯದ್ದರ ಬಗ್ಗೆ ಅಪ್ಪಣೆ ಕೊಡಿಸುವ ಅರಸರನ್ನು ಚರಿತ್ರೆ ಬೇಕಾದಷ್ಟು ಕಂಡಿದೆ. ಬೇತಾಳ ರಾತ್ರಿಯೆಲ್ಲ ಆಡಿದ್ದು ಆಟವಾದರೂ ನಡೆದದ್ದು ಪರೀಕ್ಷೆ.

ಪರೀಕ್ಷೆಯಲ್ಲಿ ಗೆದ್ದವನಿಗೆ ಬೇತಾಳ ನಿಜ ತಿಳಿಸುತ್ತದೆ. ಆ ಭಿಕ್ಷು ರಾಜನನ್ನೇ ಬಲಿ ಕೊಟ್ಟು ವಿದ್ಯಾಧರರ ಒಡೆತನ ಪಡೆಯಲು ಹೊಂಚಿದ್ದಾನೆ. ಸಾಷ್ಟಾಂಗ ನಮಸ್ಕಾರ ಮಾಡು ಎಂದಾಗ, ತಾನು ಅರಸ, ಅದು ತನಗೆ ರೂಢಿಯಿಲ್ಲ, ಮೊದಲು ಮಾಡಿ ತೋರಿಸು ಎಂದು ರಾಜ ಹೇಳಬೇಕು. ಹಾಗೇ ಆಗುತ್ತದೆ. ಎಲುಬಿನ ಪುಡಿಯಲ್ಲಿ ಬರೆದ ಮಂಡಲದ ಮುಂದೆ ಭಿಕ್ಷು ನೆಲಕ್ಕೆ ಒರಗಿದೊಡನೆ ರಾಜನ ಕತ್ತಿ ಬೀಳುತ್ತದೆ. ದಿನವೂ ಹಣ್ಣು ತಂದು ವಿನಯ ತೋರಿದವನು ಕೊಲೆಗಾರ; ಗೇಲಿ ಮಾಡಿ ಗೋಳು ಹೊಯ್ದುಕೊಂಡದ್ದು ಆಪ್ತ.

ಊರೂರು ಸುತ್ತಿದ ದೆವ್ವ

ಈ ಕಥೆ ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾಗಳಿಗೂ ಹೋಯಿತು. ಅಲ್ಲಿನ 'ಸಿದ್ಧಿ ಕೂರ್' ಕಥೆಗಳಲ್ಲಿ ಹೆಣ ತರಲು ಕಳುಹಿಸುವವನು ವಂಚಕನಲ್ಲ, ನಾಗಾರ್ಜುನನೆಂಬ ಗುರು. ಹೊತ್ತುಕೊಂಡ ರಾಜಕುಮಾರ ಪ್ರಶ್ನೆಗೆ ಉತ್ತರಿಸಿ ಸೋಲುವುದೂ ಇಲ್ಲ. ಕಥೆಯ ಸೊಗಸಿಗೆ ಮೈಮರೆತು ಉದ್ಗಾರ ತೆಗೆದು ಸೋಲುತ್ತಾನೆ. ಚೇಷ್ಟೆ ಉಳಿಯಿತು, ಪರೀಕ್ಷೆ ಬಿಟ್ಟುಹೋಯಿತು.

ಭಾರತದಲ್ಲಿ ಪರೀಕ್ಷೆ ಬೇರೊಂದು ವೇಷದಲ್ಲಿ ಮುಂದುವರಿಯಿತು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು ಕಲ್ಕತ್ತೆಯಲ್ಲಿ 1800ರಲ್ಲಿ ಸ್ಥಾಪನೆಯಾದ ಫೋರ್ಟ್ ವಿಲಿಯಂ ಕಾಲೇಜು 1805ರಲ್ಲಿ 'ಬೈತಾಲ್ ಪಚ್ಚೀಸಿ'ಯನ್ನು ಪ್ರಕಟಿಸಿತು. ಅದನ್ನು ಆಧರಿಸಿ ಈಶ್ವರಚಂದ್ರ ವಿದ್ಯಾಸಾಗರರು 1847ರಲ್ಲಿ ಬಂಗಾಳಿ ಗದ್ಯದಲ್ಲಿ ಬರೆದರು. ಬಿಳಿಯ ಅಧಿಕಾರಿಗಳೂ ಬೇತಾಳನ ಕಥೆಯೋದಿ ತೇರ್ಗಡೆಯಾಗಬೇಕಾಯಿತು! 1870ರಲ್ಲಿ ರಿಚರ್ಡ್ ಬರ್ಟನ್ ಇಂಗ್ಲಿಷಿನಲ್ಲಿ ಈ ಕಥೆಗಳನ್ನು ತನ್ನದೇ ರೀತಿಯಲ್ಲಿ ಹೇಳಿ, ಬೇತಾಳವನ್ನು 'ವ್ಯಾಂಪೈರ್' ಎಂದು ಕರೆದ. ಆದರೆ ರಾಜನ ಹೆಗಲೇರಿದ ಬೇತಾಳಕ್ಕೆ ಅವನ ನೆತ್ತರು ಬೇಕಿರಲಿಲ್ಲ, ಬೇಕಿದ್ದುದು ಅವನ ಉತ್ತರ.

ಕನ್ನಡಕ್ಕೆ ಇದರಿಂದ ದೊಡ್ಡ ಲಾಭವೇ ಆಯಿತು. ತಲೆಗಳು ಅದಲುಬದಲಾದ ಇಬ್ಬರು ಗಂಡಸರಲ್ಲಿ ಗಂಡ ಯಾರು ಎಂದು ಬೇತಾಳ ಕೇಳಿದಾಗ, ಅಂಗಗಳಲ್ಲಿ ಶಿರಸ್ಸೇ ಪ್ರಧಾನ, ತಲೆಯಿದ್ದವನೇ ಗಂಡ ಎಂದಿದ್ದ ತ್ರಿವಿಕ್ರಮಸೇನ. ಜರ್ಮನಿಯ ಥಾಮಸ್ ಮನ್ 1940ರಲ್ಲಿ ಈ ಎಳೆ ಹಿಡಿದು ಕಾದಂಬರಿ ಬರೆದರು. ಅದನ್ನು ನೆನೆದು ಗಿರೀಶ ಕಾರ್ನಾಡರು 'ಹಯವದನ' ನಾಟಕ ರಚಿಸಿದರು. ಅದು 1971ರಲ್ಲಿ ಪ್ರಕಟವಾಯಿತು. ರಾಜನ ತೀರ್ಪಿಗೆ ಬೇತಾಳದ ಕಥೆ ಮುಗಿಯುತ್ತದೆ. ದೇವದತ್ತ, ಕಪಿಲ, ಪದ್ಮಿನಿಯರ ನಿಜವಾದ ತೊಂದರೆ ಶುರುವಾಗುವುದೇ ಆ ತೀರ್ಪಿನ ಮೇಲೆ.

ಮಕ್ಕಳ ಲೋಕಕ್ಕೆ ಬೇತಾಳವನ್ನು ತಂದದ್ದು 'ಚಂದಮಾಮ'. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದರಾಸಿನಲ್ಲಿ ಆರಂಭಿಸಿ ಮುಂದೆ ಕನ್ನಡಕ್ಕೂ ಬಂದ ಈ ಮಾಸಪತ್ರಿಕೆಯಲ್ಲಿ ಹಳೆಯ ಇಪ್ಪತ್ತೈದು ಕಥೆಗಳು ಸಾಲದೆ ಹೊಸ ಹೊಸ ಬೇತಾಳ ಕಥೆಗಳು ಹುಟ್ಟಿದವು. ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಜೋತುಬಿದ್ದ ಹೆಣ: 2020ರಲ್ಲಿ ತೀರಿಕೊಂಡ ಚಿತ್ರಕಾರ ಶಂಕರ್ ಬರೆದ ಆ ಚಿತ್ರ ಹಲವು ತಲೆಮಾರುಗಳ ಕಣ್ಣಲ್ಲಿ ಉಳಿದಿದೆ. 1985ರಲ್ಲಿ ರಮಾನಂದ ಸಾಗರ್ ದೂರದರ್ಶನಕ್ಕೆ 'ವಿಕ್ರಮ್ ಔರ್ ಬೇತಾಲ್' ತಂದಾಗ ರಾಜನಾಗಿ ಅರುಣ್ ಗೋವಿಲ್, ಬೇತಾಳನಾಗಿ ಹಿರಿಯ ನಟ ಸಜ್ಜನ್ ಕಾಣಿಸಿಕೊಂಡರು. ಮಕ್ಕಳು ಕಾದದ್ದು ರಾಜನ ಉತ್ತರಕ್ಕಿಂತ ಬೇತಾಳನ ನಗೆಗೆ.

ಬೇತಾಳ ಆಪ್ತನೆಂಬುದು ಕೊಂಕಣ ಸೀಮೆಯವರಿಗೆ ಹೊಸದಲ್ಲ. ಗೋವೆಯ ಹಳ್ಳಿಗಳಲ್ಲಿ ಅವನು ಊರು ಕಾಯುವ ದೈವ. ಬೇತಾಳಭಾಟಿ ಎಂಬ ಊರಿನ ಹೆಸರಿನಲ್ಲೇ ಅವನಿದ್ದಾನೆ. ರಾತ್ರಿಯೆಲ್ಲ ಗಸ್ತು ತಿರುಗಿ ಅವನ ಕೆರ ಸವೆಯುತ್ತದೆಂದು ಭಕ್ತರು ಕೆಲವು ಗುಡಿಗಳಲ್ಲಿ ಹೊಸ ಜೋಡು ಒಪ್ಪಿಸುತ್ತಾರೆ. ಕಥೆಯಲ್ಲಿ ರಾಜನ ಕಾಲು ಸವೆಸಿದವನು ಇಲ್ಲಿ ಊರಿಗಾಗಿ ತನ್ನ ಕೆರ ಸವೆಸುತ್ತಾನೆ.

ಕಥೆಯ ಕೊನೆಯಲ್ಲಿ ಬೇತಾಳ ವರ ಕೇಳು ಎಂದಾಗ ತ್ರಿವಿಕ್ರಮಸೇನ ರಾಜ್ಯ ಕೇಳಲಿಲ್ಲ, ನಿಧಿ ಕೇಳಲಿಲ್ಲ. ಈ ಕಥೆಗಳು ಲೋಕದಲ್ಲಿ ಹೆಸರಾಗಲಿ ಎಂದ. ಬೇತಾಳ ಒಪ್ಪಿ, ಇವನ್ನು ಓದಿದ ಕಡೆ ಯಕ್ಷ, ರಾಕ್ಷಸ, ಬೇತಾಳಗಳ ಆಟ ನಡೆಯದು ಎಂದೂ ಸೇರಿಸಿತು. ತನ್ನ ಜಾತಿಯನ್ನೇ ಓಡಿಸುವ ಮಂತ್ರವನ್ನು ತನ್ನ ಕಥೆಯಲ್ಲೇ ಇಟ್ಟುಹೋದ ದೆವ್ವ ಇದು. ಹಣ್ಣು ಹಿಡಿದು ಬರುವ ಕ್ಷಾಂತಿಶೀಲರನ್ನು ಓಡಿಸುವ ಮಂತ್ರವನ್ನು ಮಾತ್ರ ಅದು ಹೇಳಲಿಲ್ಲ. ಅವರನ್ನು ಗುರುತಿಸುವ ಹೊಣೆ ಅರಸನದು, ಕಥೆ ಕೇಳಿದವರದು.