ಗಡಿಯಾರಕ್ಕಿಂತ ಹಿಂದಿನ ಲೆಕ್ಕ: ಕಿಡ್ನಿ ಗಡ್ಡೆಯ ಶಸ್ತ್ರಚಿಕಿತ್ಸೆ ಮತ್ತು ಮೈಸೂರಿನ ಜನನ ದಾಖಲೆಗಳು

ಕಿಡ್ನಿಯ ಗಡ್ಡೆಯನ್ನು ಲ್ಯಾಪರೊಸ್ಕೋಪಿಯಿಂದಲೋ ರೋಬಾಟ್ ನೆರವಿನಿಂದಲೋ ತೆಗೆಯುವಾಗ ಅಪಧಮನಿಗೆ ಕ್ಲ್ಯಾಂಪ್ ಹಾಕಿದ ಗಳಿಗೆಯಿಂದಲೇ ನಿಮಿಷಗಳ ಎಣಿಕೆ ಶುರುವಾಗುತ್ತದೆ. ರಕ್ತ ನಿಂತ ಅಂಗ ಬಿಳಿಚಿಕೊಳ್ಳುತ್ತದೆ. ಗಡ್ಡೆಯನ್ನು ತೆಳುವಾದ ಅಂಚಿನ ಸಮೇತ ಕತ್ತರಿಸಿ, ಒಳಪದರವನ್ನೂ ಹೊರಪದರವನ್ನೂ ಹೊಲಿದು ಕ್ಲ್ಯಾಂಪ್ ಬಿಡಿಸಿದರೆ ಮತ್ತೆ ಕೆಂಪೇರುತ್ತದೆ. ಈ ಅವಧಿ 25 ನಿಮಿಷ ಮೀರಬಾರದೆಂಬುದು ಶಸ್ತ್ರವೈದ್ಯರಲ್ಲಿ ಬೇರೂರಿದ ಮಾತು. ಒಂದೇ ಕಿಡ್ನಿ ಇದ್ದ ರೋಗಿಗಳ ಮೇಲಿನ 2010ರ ಅಧ್ಯಯನವೊಂದು ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆಂದು ಹೇಳಿತು. ಆದರೆ ಮರುವರ್ಷವೇ, ಅಂಥದೇ 660 ಶಸ್ತ್ರಚಿಕಿತ್ಸೆಗಳ ವಿಶ್ಲೇಷಣೆಯಲ್ಲಿ, ಮೊದಲಿದ್ದ ಸೋಸುವ ಶಕ್ತಿ ಮತ್ತು ಉಳಿಸಿಕೊಂಡ ಅಂಗಾಂಶದ ಪಾಲನ್ನು ಲೆಕ್ಕಕ್ಕೆ ಸೇರಿಸಿದಾಗ ನಿಮಿಷಗಳ ಪ್ರಭಾವ ಮಸುಕಾಯಿತು. ಈ ಎರಡನೆಯ ಫಲಿತಾಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ. ಗಡಿಯಾರ ವೈದ್ಯರ ಕೈಯಲ್ಲಿದೆ. ರೋಗಿ ಹೊತ್ತು ತಂದ ಬಂಡವಾಳ ಯಾರ ಕೈಯಲ್ಲೂ ಇಲ್ಲ.

ಆ ಬಂಡವಾಳ ಎಷ್ಟೋ ವೇಳೆ ಮೊದಲೇ ಕರಗಿರುತ್ತದೆ. ನ್ಯೂಯಾರ್ಕ್‌ನಲ್ಲಿ 662 ಗಡ್ಡೆ ರೋಗಿಗಳನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಕಿಡ್ನಿಗಳಿದ್ದು, ರಕ್ತದ ಕ್ರಿಯಾಟಿನಿನ್ ಮಟ್ಟ ಸಹಜವಾಗಿದ್ದರೂ ಶೇ. 26ರಷ್ಟು ಮಂದಿಯ ಸೋಸುವಿಕೆ ಪ್ರಮಾಣ (ಜಿಎಫ್‌ಆರ್) ಶಸ್ತ್ರಚಿಕಿತ್ಸೆಗೆ ಮುಂಚೆಯೇ ನಿಮಿಷಕ್ಕೆ 60 ಮಿ.ಲೀ.ಗಿಂತ ಕೆಳಗಿತ್ತು.

2021ರಲ್ಲಿ ಅಮೆರಿಕದ ಸಂಶೋಧಕರು ಕೊಟ್ಟ ಒಂದು ಸರಳ ಸೂತ್ರವನ್ನು ಇಲ್ಲಿ ಪ್ರಯೋಗಿಸಿ ನೋಡೋಣ. ಸರಸ್ವತಿಪುರಂನಿಂದ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಗೆ ವಾಕಿಂಗ್ ಹೋಗುವ, ಸಕ್ಕರೆ ಕಾಯಿಲೆಯಿರುವ 60 ವರ್ಷದವರೊಬ್ಬರನ್ನು ಕಲ್ಪಿಸಿಕೊಳ್ಳಿ. ಗಡ್ಡೆ 4 ಸೆಂ.ಮೀ., ಸೋಸುವಿಕೆ ಪ್ರಮಾಣ 70. ಮೂಲಾಂಕ 35, ಅದಕ್ಕೆ 70ರ 0.65 ಪಾಲು, ಅಂದರೆ 45.5 ಕೂಡಿಸಬೇಕು. ವಯಸ್ಸಿನ ಕಾಲುಭಾಗ 15, ಸಕ್ಕರೆ ಕಾಯಿಲೆಗೆ 2 ಕಳೆಯಬೇಕು. ಗಡ್ಡೆಯನ್ನಷ್ಟೇ ತೆಗೆದರೆ ಉಳಿಯುವುದು 63.5. ಇಡೀ ಕಿಡ್ನಿ ತೆಗೆದರೆ ಇನ್ನೂ 18 ಹೋಗಿ 45.5. ಗಡ್ಡೆ 7 ಸೆಂ.ಮೀ. ಮೀರಿದ್ದರೆ 3 ಸೇರುತ್ತದೆ, ಏಕೆಂದರೆ ಅಷ್ಟು ದೊಡ್ಡ ಗಡ್ಡೆಯಿರುವ ಕಿಡ್ನಿಯ ಕೆಲಸವನ್ನು ಇನ್ನೊಂದು ಆಗಲೇ ವಹಿಸಿಕೊಂಡಿರುತ್ತದೆ. ಹೊರರೋಗಿ ವಿಭಾಗದಲ್ಲಿ ಚೀಟಿಯ ಹಿಂಬದಿಯಲ್ಲೇ ಮಾಡಬಹುದಾದ ಲೆಕ್ಕವಿದು. ರೋಗಿಗೂ ಮನೆಯವರಿಗೂ ಇದನ್ನು ಬಿಡಿಸಿ ಹೇಳಲೇಬೇಕು.

ಆದರೆ ಆ 70 ಎಂಬ ಅಂಕಿ ಎಷ್ಟು ನಿಜ? ಅದನ್ನು ಸಾಮಾನ್ಯವಾಗಿ ಅಂದಾಜಿಸುವುದು ರಕ್ತದ ಕ್ರಿಯಾಟಿನಿನ್‌ನಿಂದ, ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕಡಿಮೆಯಿರುವ, ಮಾಂಸ ತಿನ್ನದ ದೇಹದಲ್ಲಿ ಅದು ತಗ್ಗಿರುತ್ತದೆ. ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯ ನಂತರವೂ ಇನ್ನೊಂದು ಬದಿಯ ಕಿಡ್ನಿ ಹೊರೆ ಹೊತ್ತು ನಷ್ಟವನ್ನು ಮರೆಮಾಚುತ್ತದೆ. ಹಾಗಾಗಿ ಎರಡೂ ಕಿಡ್ನಿಗಳ ಪಾಲನ್ನು ಬೇರೆಬೇರೆಯಾಗಿ ತೋರಿಸುವ ಡಿಟಿಪಿಎ ಸ್ಕ್ಯಾನ್ ಅಪಾಯ ಹೆಚ್ಚಿರುವವರಿಗಾದರೂ ಬೇಕು.

ಮೈಸೂರಿಗೆ ವಿಶೇಷವಾದ ಪ್ರಶ್ನೆ ಇನ್ನೂ ಹಿಂದಕ್ಕೆ ಹೋಗುತ್ತದೆ. ರಕ್ತ ಸೋಸುವ ಘಟಕಗಳಾದ ನೆಫ್ರಾನ್‌ಗಳು ಮಗು ಹುಟ್ಟುವ ಮೊದಲೇ ರೂಪುಗೊಳ್ಳುತ್ತವೆ, ಆಮೇಲೆ ಹೊಸದಾಗಿ ಬೆಳೆಯುವುದಿಲ್ಲ. ಹುಟ್ಟಿನ ತೂಕ ಕಡಿಮೆಯಾದರೆ ಅವುಗಳ ಸಂಖ್ಯೆಯೂ ಕಡಿಮೆ ಎಂಬ ವಾದವನ್ನು ಸಂಶೋಧಕ ಬ್ರೆನ್ನರ್ ಮತ್ತು ಸಂಗಡಿಗರು ಮುಂದಿಟ್ಟರು. 2003ರ ಶವಪರೀಕ್ಷೆ ಆಧಾರಿತ ಅಧ್ಯಯನವೊಂದು, ಹುಟ್ಟಿನ ತೂಕದ ಪ್ರತಿ ಕಿಲೋಗೆ ಒಂದು ಕಿಡ್ನಿಯಲ್ಲಿ ಸುಮಾರು 2.57 ಲಕ್ಷ ಗ್ಲೋಮೆರುಲಸ್‌ಗಳ (ನೆಫ್ರಾನ್‌ನ ಸೋಸುವ ಭಾಗಗಳ) ವ್ಯತ್ಯಾಸ ಅಂದಾಜಿಸಿತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆಗಳಿವೆ. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿ, ಹುಟ್ಟಿನ ಗಾತ್ರಕ್ಕೂ ಹೃದ್ರೋಗಕ್ಕೂ ಇರುವ ನಂಟನ್ನು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು. ಆ ದಾಖಲೆಗಳ ಶಿಶುಗಳು ಈಗ ಕಿಡ್ನಿ ಗಡ್ಡೆ ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸಿನಲ್ಲಿದ್ದಾರೆ, ಅಥವಾ ಅದನ್ನೂ ದಾಟಿದ್ದಾರೆ.

ಕಡಿಮೆ ತೂಕದಲ್ಲಿ ಹುಟ್ಟಿದವರ ಕಿಡ್ನಿ, ಕ್ಲ್ಯಾಂಪ್‌ನ ಅದೇ 20 ನಿಮಿಷವನ್ನು ಅಷ್ಟೇ ಸುಲಭವಾಗಿ ತಾಳೀತೇ? ನನ್ನದು ಇನ್ನೂ ಊಹೆಯೇ, ಆದರೆ ಪರೀಕ್ಷಿಸಬಲ್ಲ ಊಹೆ. ಮೈಸೂರಿನಲ್ಲಿ ಈ ಶಸ್ತ್ರಚಿಕಿತ್ಸೆಗೆ ಬರುವ ಪ್ರತಿಯೊಬ್ಬರ ಕೇಸ್ ಶೀಟಿನಲ್ಲಿ ಸಕ್ಕರೆ, ಬಿಪಿಗಳ ಪಕ್ಕದಲ್ಲಿ ಹುಟ್ಟಿದ ಆಸ್ಪತ್ರೆ ಮತ್ತು ಹುಟ್ಟಿನ ತೂಕಕ್ಕೆ ಒಂದು ಸಾಲು ಇರಲಿ. ಮೂರು ತಿಂಗಳ ಬಳಿಕದ ಸೋಸುವಿಕೆ ಪ್ರಮಾಣವನ್ನು ಅದರ ಎದುರಿಗೇ ಬರೆಯಲಿ.