ಹುಳುಮನೆಯ ದೀಪ, ಕೊಳವೆಬಾವಿಯ ಆಳ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಕರೆಂಟಿನ ಮಾತು ಬಂತೆಂದರೆ ಅದು ಸಾಮಾನ್ಯವಾಗಿ ಕೊರತೆಯ ಮಾತೇ. ತ್ರೀ ಫೇಸ್ ಸಾಲದು, ವೋಲ್ಟೇಜ್ ನಿಲ್ಲದು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಬದಲಿ ಬರುವುದು ತಡ. ಈ ದೂರುಗಳಲ್ಲಿ ಸುಳ್ಳಿಲ್ಲ. ಆದರೆ ಇವೆಲ್ಲ ಪೂರೈಕೆಯ ಕಡೆಯ ಮಾತುಗಳು. ಬೇಡಿಕೆ ಇಷ್ಟು ಬೆಳೆದದ್ದು ಹೇಗೆ ಎಂದು ಕೇಳುವವರು ಕಡಿಮೆ. ಈ ಸೀಮೆಯ ವಿದ್ಯುತ್ತಿನ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಇಲ್ಲಿ ಬೇಸಾಯಕ್ಕೆ ಎಷ್ಟು ಕರೆಂಟ್ ಬೇಕೆಂಬುದನ್ನು ನಿರ್ಧರಿಸುತ್ತ ಬಂದದ್ದು ಬೆಳೆಯಲ್ಲ, ನೀರಿನ ಮಟ್ಟ. ಸೂರಿನಡಿ ಬೆಳೆಯುವ ಬೆಳೆಗೂ ಈ ಮಾತು ಸಲ್ಲುತ್ತದೆ. ಈ ನಾಡಿನಲ್ಲಿ ಮನೆಯೊಳಗೆ ಶಾಖ, ತೇವ, ಗಾಳಿಯನ್ನು ಹತೋಟಿಯಲ್ಲಿಟ್ಟು ತೆಗೆಯುವ ಬೆಳೆ ಎಂದರೆ ರೇಷ್ಮೆಹುಳು. ಅದರ ಕರೆಂಟಿನ ಲೆಕ್ಕವನ್ನು ಹುಳುಮನೆಯ ಮೀಟರಿನಲ್ಲಿ ಹುಡುಕಿದರೆ ಸಿಗುವುದು ಸಣ್ಣ ಪಾಲು. ದೊಡ್ಡ ಪಾಲು ಹೊರಗಿನ ಬೋರಿನಲ್ಲಿದೆ.

ಮೊದಲು ಕರೆಂಟಿಲ್ಲದ ಕಾಲವನ್ನು ನೋಡಬೇಕು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಬಾವಿಯ ಸುತ್ತ ಒಂದಿಷ್ಟು ತೋಟ, ಉಳಿದದ್ದೆಲ್ಲ ಮಳೆಯನ್ನೇ ನಂಬಿದ ಹೊಲ. ಬಾವಿಯ ನೀರನ್ನು ಎತ್ತುತ್ತಿದ್ದದ್ದು ಕಪಿಲೆ. ಒಂದು ಜೋಡಿ ಎತ್ತಿನ ಶಕ್ತಿ ಹೆಚ್ಚುಕಡಿಮೆ ಒಂದು ಎಚ್‌ಪಿ. ಎತ್ತುಗಳು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆದಷ್ಟೇ ನೀರು, ಅವು ದಣಿದರೆ ನೀರಾವರಿಯೂ ನಿಂತಿತು. ಹೀಗಾಗಿ ಬಾವಿ ತೀರ ಆಳಕ್ಕಿಳಿದರೆ ಅದು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಎತ್ತಿನ ತ್ರಾಣವೇ ಅಂತರ್ಜಲಕ್ಕೆ ಬೇಲಿಯಾಗಿತ್ತು. ಚಳ್ಳಕೆರೆ ಎಣ್ಣೆಗಿರಣಿಗಳ ಊರೆಂದು ಹೆಸರಾದದ್ದು ಮಳೆಯಾಶ್ರಿತ ಶೇಂಗಾದಿಂದ. ಮೊಳಕಾಲ್ಮುರು ಸೀರೆಗೆ ಹೆಸರಾದದ್ದು ಕೈಮಗ್ಗದಿಂದ. ಎರಡರ ಕಸುವೂ ವಿದ್ಯುತ್ ತಂತಿಯಿಂದ ಬಂದದ್ದಲ್ಲ. ಹಳೆ ಮೈಸೂರಿನಲ್ಲಿ ರೇಷ್ಮೆ ನೇಯುವ ಊರು ಇಲ್ಲಿದ್ದರೂ ಗೂಡು ಬೆಳೆಯುವ ಮುಖ್ಯ ಸೀಮೆ ಇದ್ದದ್ದು ದಕ್ಷಿಣದಲ್ಲಿ, ಹಿಪ್ಪುನೇರಳೆಗೆ ಮಳೆಯೂ ಬಾವಿಯೂ ಒದಗುವ ಕಡೆ.

ಅದೇ ಹೊತ್ತಿಗೆ ಮೈಸೂರು ಸಂಸ್ಥಾನ ವಿದ್ಯುತ್ತಿನಲ್ಲಿ ದೇಶಕ್ಕೇ ಮುಂದಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಆ ಕಾಲದ ತಂತಿ ಹೋದದ್ದು ಒಂದೇ ಜಾಗದಲ್ಲಿ ಹೆಚ್ಚು ಕರೆಂಟ್ ಕೊಂಡು, ಹೊತ್ತಿಗೆ ಸರಿಯಾಗಿ ಹಣ ಕಟ್ಟುವ ಗಿರಾಕಿಯ ಕಡೆಗೆ. ಚದುರಿದ ಹಳ್ಳಿಗಳ ಬಯಲುಸೀಮೆ ಅಂಥ ಗಿರಾಕಿಯಾಗಿರಲಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆ ಜಲಾಶಯ 1907ರಲ್ಲಿ ಮುಗಿದಾಗಲೂ ಅದರ ಕಾಲುವೆಗಳ ನೇರ ಲಾಭ ಪಡೆದದ್ದು ಮುಖ್ಯವಾಗಿ ಹಿರಿಯೂರು ಸೀಮೆ. ಅದೇ ನದಿಯ ಕೆಳದಂಡೆಯ ಚಳ್ಳಕೆರೆಗೆ ಉಳಿದದ್ದು ಬಹುಪಾಲು ಮರಳು ಹಾಸಿದ ಪಾತ್ರ, ಅದರಡಿಯ ಒಸರು.

ಚಿತ್ರ ಬದಲಾದದ್ದು ಸ್ವಾತಂತ್ರ್ಯದ ನಂತರ. 1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. 1960ರ ದಶಕದ ಮಧ್ಯದಲ್ಲಿ ಶರಾವತಿಯ ಜಲವಿದ್ಯುತ್ ಕೈಗೆ ಬಂತು. ಅದೇ ದಶಕದ ಬರಗಾಲಗಳು ಆಹಾರದ ಚಿಂತೆಯನ್ನು ದೆಹಲಿಯ ತನಕ ಒಯ್ದವು. 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುದೀಕರಣ ನಿಗಮ ಹಳ್ಳಿಯ ದೀಪದಷ್ಟೇ ಪಂಪ್‌ಸೆಟ್ಟನ್ನೂ ಮುಖ್ಯವೆಂದು ಬಗೆಯಿತು. ಆಗಿನ ಆಡಳಿತಗಾರರಿಗೆ ಕರೆಂಟಿನ ಕೊರತೆಗಿಂತ, ಕರೆಂಟ್ ಕೊಳ್ಳುವ ಹಳ್ಳಿಗಳ ಕೊರತೆಯೇ ದೊಡ್ಡದಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಮುಂದೆ ಗ್ರಾನೈಟ್ ಮತ್ತು ಗಟ್ಟಿ ಶಿಲೆಯನ್ನು ಒಂದೆರಡು ದಿನದಲ್ಲಿ ಕೊರೆಯುವ ರಿಗ್ಗುಗಳು ಬಂದವು. ಅವುಗಳ ಹಿಂದೆಯೇ ಬೋರಿನೊಳಗೆ ಇಳಿಯುವ ಸಬ್‌ಮರ್ಸಿಬಲ್ ಮೋಟಾರು. ಎತ್ತಿನ ತ್ರಾಣದ ಬೇಲಿ ಬಿದ್ದದ್ದು ಆಗ. ನಂತರ ಮೀಟರಿಗೆ ಬದಲು ಎಚ್‌ಪಿ ಲೆಕ್ಕದ ದರ ಬಂತು, 1990ರ ದಶಕದ ಆರಂಭದಲ್ಲಿ ಬಂಗಾರಪ್ಪನವರ ಸರ್ಕಾರದ ಉಚಿತ ವಿದ್ಯುತ್ ಬಂತು, 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಮತ್ತೆ ಉಚಿತವಾಯಿತು. ನೀರೆತ್ತುವ ಖರ್ಚು ಹೀಗೆ ರೈತನ ಕಣ್ಣಿನಿಂದ ಮರೆಯಾಯಿತು. ಖರ್ಚು ಮಾತ್ರ ಎಲ್ಲಿಗೂ ಹೋಗಲಿಲ್ಲ. ರಾಜ್ಯದ ಬೊಕ್ಕಸಕ್ಕೂ ನೆಲದಡಿಯ ಮಟ್ಟಕ್ಕೂ ವರ್ಗವಾಯಿತು.

ಆ ಖರ್ಚಿನ ಗಾತ್ರವನ್ನು ಲೆಕ್ಕ ಹಾಕಿಯೇ ನೋಡಬೇಕು. ಪಂಪು, ಮೋಟಾರು, ಪೈಪಿನ ನಷ್ಟವೆಲ್ಲ ಕಳೆದು ನೂರಕ್ಕೆ ನಲವತ್ತು ಪಾಲು ಶಕ್ತಿ ಕೆಲಸಕ್ಕೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಆಗ 500 ಅಡಿ ಕೆಳಗಿನಿಂದ 1,000 ಲೀಟರ್ ನೀರು ಎತ್ತಲು ಸುಮಾರು ಒಂದು ಯೂನಿಟ್ ಬೇಕು. ಒಂದು ಎಕರೆ ಹಿಪ್ಪುನೇರಳೆಗೆ ಎರಡು ಇಂಚು ನೀರು ನಿಲ್ಲಿಸಿದರೆ ಎರಡು ಲಕ್ಷ ಲೀಟರಿಗೂ ಮಿಕ್ಕಿದ ನೀರು, ಅಂದರೆ ಸುಮಾರು 210 ಯೂನಿಟ್. ಅದೇ ನೀರು 33 ಅಡಿಯ ತೆರೆದ ಬಾವಿಯಲ್ಲಿದ್ದಿದ್ದರೆ 14 ಯೂನಿಟ್ ಸಾಕಾಗುತ್ತಿತ್ತು. ಬೆಳೆ, ಎಕರೆ, ರೈತ ಯಾವುದೂ ಬದಲಾಗಿಲ್ಲ. ಕರೆಂಟಿನ ಅಗತ್ಯ ಮಾತ್ರ ಹದಿನೈದು ಪಟ್ಟು. ಏಳೂವರೆ ಎಚ್‌ಪಿ ಮೋಟಾರಿನಿಂದ ಆ 500 ಅಡಿಯ ನೀರನ್ನು ಎತ್ತಲು ಸುಮಾರು ಮೂವತ್ತು ಗಂಟೆ ಹಿಡಿಯುತ್ತದೆ. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಟ್ಟರೂ ಒಂದು ಎಕರೆಯ ಒಂದು ನೀರಿಗೆ ನಾಲ್ಕು ದಿನ ದಾಟುತ್ತದೆ. ರೈತ ‘ಕರೆಂಟ್ ಸಾಲದು’ ಎನ್ನುವಾಗ ಹೇಳುತ್ತಿರುವುದು ಈ ಆಳದ ಲೆಕ್ಕವನ್ನೇ.

ಈಗ ಹುಳುಮನೆಯೊಳಗೆ ಬರೋಣ. ಚಾಕಿ (ಎಳೆಯ) ಹುಳುವಿಗೆ 27–28 ಡಿಗ್ರಿ ಶಾಖ, ನೂರಕ್ಕೆ ಎಂಬತ್ತಕ್ಕೂ ಮೇಲಿನ ತೇವ ಬೇಕು; ದೊಡ್ಡ ಹುಳುವಿಗೆ 24–25 ಡಿಗ್ರಿ, ಎಪ್ಪತ್ತರ ಆಸುಪಾಸಿನ ತೇವ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಇದು ಸುಲಭವಲ್ಲ. ಸೂರಿನ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿತಾಟು, ಒಳಗೆ ಫ್ಯಾನು, ಹನಿ ಚಿಮ್ಮಿಸುವ ಫಾಗರ್. ಚಳಿಗಾಲದ ರಾತ್ರಿಯಲ್ಲಿ ಹೀಟರ್. ಇವೆಲ್ಲಕ್ಕೂ ಧಾರಾಳವಾಗಿ ದಿನಕ್ಕೆ ಹತ್ತು ಯೂನಿಟ್ ಎಂದರೂ ಇಪ್ಪತ್ತೈದು ದಿನದ ಬೆಳೆಗೆ 250 ಯೂನಿಟ್. ಆ ಬೆಳೆಗೆ ಸೊಪ್ಪು ಕೊಡುವ ಎಕರೆ ತೋಟಕ್ಕೆ ಆರು ನೀರು ಹಾಯಿಸಿದರೆ 1,260 ಯೂನಿಟ್. ಹನಿ ನೀರಾವರಿಯಿಂದ ಅದನ್ನು ಅರ್ಧಕ್ಕೆ ಇಳಿಸಿದರೂ ಮನೆಯೊಳಗಿನ ಖರ್ಚಿನ ಎರಡೂವರೆ ಪಟ್ಟು. ಇದರ ಜೊತೆಗೆ ಹೊತ್ತಿನ ಪ್ರಶ್ನೆಯೂ ಇದೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು, ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ಏರುವ ಮುನ್ನ ಏಳೆಂಟು ದಿನದಲ್ಲಿ, ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ತಿನ್ನುತ್ತದೆ. ಆಗ ಸೊಪ್ಪು ಬಾಡಿದ್ದರೆ ಗೂಡು ಹಗುರ. ಹುಳು ಕರೆಂಟ್ ಬರುವ ತನಕ ಕಾಯುವುದಿಲ್ಲ.

ಲೈನಿನ ತಾಪತ್ರಯವನ್ನೂ ಇಲ್ಲೇ ಇಟ್ಟು ನೋಡಬೇಕು. ಒಂದು ಟಿಸಿಯ ಕೆಳಗಿನ ರೈತರೆಲ್ಲ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ತ್ರೀ ಫೇಸ್ ಬಂದ ಕ್ಷಣ ಎಲ್ಲ ಮೋಟಾರುಗಳೂ ಒಟ್ಟಿಗೆ ಏಳುತ್ತವೆ, ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟಾರು ಹೆಚ್ಚು ಆಂಪ್ಸ್ ಎಳೆದು ಬಿಸಿಯಾಗುತ್ತದೆ, ವೈಂಡಿಂಗ್ ಸುಡುತ್ತದೆ. ಲೈನಿನ ಕೊನೆಯವನ ಪಾಡು ಇನ್ನೂ ಕಷ್ಟ. ನೀರು ಇಳಿದಂತೆ ಐದರ ಜಾಗಕ್ಕೆ ಏಳೂವರೆ, ಅದರ ಜಾಗಕ್ಕೆ ಹತ್ತು ಎಚ್‌ಪಿ ಇಳಿಯುತ್ತದೆ. ಐದರ ಲೆಕ್ಕದಲ್ಲಿ ಕೂರಿಸಿದ ಟಿಸಿ ಹಾಗೆಯೇ ಉಳಿಯುತ್ತದೆ. ದೊಡ್ಡ ಟಿಸಿ ಬಂದರೆ ಕೆಲಕಾಲ ನೆಮ್ಮದಿ, ಆಮೇಲೆ ಮತ್ತೆರಡು ಬೋರು. ಪೂರೈಕೆ ಹೆಚ್ಚಿದಷ್ಟೂ ಆಳ ಹೆಚ್ಚಿ, ಆಳ ಹೆಚ್ಚಿದಷ್ಟೂ ಪೂರೈಕೆ ಸಾಲದಾಯಿತು.

ಇದಕ್ಕೆ ಮೊದಲ ಆಕ್ಷೇಪ: ತಪ್ಪು ಮಳೆಯದು, ಪಂಪಿನದಲ್ಲ. ಬರ ಇಲ್ಲಿಗೆ ಹೊಸದಲ್ಲ. 1876–78ರ ಮಹಾಕ್ಷಾಮ ಬಯಲುಸೀಮೆಯನ್ನು ಹಿಂಡಿದಾಗ ಒಂದು ಮೋಟಾರೂ ಇರಲಿಲ್ಲ. ಆದರೆ ಕಪಿಲೆಯ ಕಾಲದ ಬಾವಿ ನಿಂತಿದ್ದದ್ದು ಶಿಥಿಲ ಶಿಲೆಯ ಮೇಲ್ಪದರದಲ್ಲಿ. ಒಳ್ಳೆಯ ಮಳೆ ಬಂದರೆ ಅದು ಮತ್ತೆ ತುಂಬುತ್ತಿತ್ತು. ಆಳದ ಬಿರುಕಿನಲ್ಲಿ ನೀರು ಸಂಗ್ರಹವಾಗುವುದೇ ಕಡಿಮೆ, ಮರಳಿ ತುಂಬುವುದು ನಿಧಾನ. ಬರ ಮಟ್ಟವನ್ನು ಇಳಿಸುತ್ತದೆ, ಪಂಪು ಅದನ್ನು ಏಳಗೊಡುವುದಿಲ್ಲ. ಎರಡನೆಯದು ಇದಕ್ಕೆ ತದ್ವಿರುದ್ಧವಾದ ಮಾತು: ಉಚಿತ ನಿಲ್ಲಿಸಿ, ಮೀಟರ್ ಹಾಕಿ, ಎಲ್ಲ ಸರಿಹೋಗುತ್ತದೆ. ಇದೂ ಅರ್ಧ ಸತ್ಯ. ವಿಫಲವಾದ ಬೋರು, ಸುಟ್ಟ ಮೋಟಾರು, ವೈಂಡಿಂಗ್ ಖರ್ಚಿನ ರೂಪದಲ್ಲಿ ರೈತ ಈಗಾಗಲೇ ದುಬಾರಿ ದರ ತೆರುತ್ತಿದ್ದಾನೆ. ಬರಿಯ ಬಿಲ್ಲು ಮೊದಲು ಮುಳುಗಿಸುವುದು ಸಣ್ಣ ಹಿಡುವಳಿಯವನನ್ನು. ಆದರೆ ಉಚಿತವನ್ನು ಸಮರ್ಥಿಸುವವರೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಬೋರಿಲ್ಲದೆ ಮುಗಿಲು ನೋಡುತ್ತ ಶೇಂಗಾ ಬಿತ್ತುವವನಿಗೆ ಈ ಸಹಾಯಧನದಲ್ಲಿ ಸಿಗುವ ಪಾಲೆಷ್ಟು? ಒಂದು ಪೈಸೆಯೂ ಇಲ್ಲ.

ಮೂರನೆಯ ಆಕ್ಷೇಪ ಹೊಸ ಕಾಲದ್ದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಚಳ್ಳಕೆರೆಯ ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಇನ್ನು ಕೊರತೆಯೇಕೆ? ಅಲ್ಲಿ ಹುಟ್ಟುವ ಕರೆಂಟ್ ಇಡೀ ರಾಜ್ಯದ ಜಾಲಕ್ಕೆ ಸೇರುತ್ತದೆ, ಪಕ್ಕದ ಹೊಲಕ್ಕೆ ಮೀಸಲಲ್ಲ ಎಂಬುದು ಒಂದು ಉತ್ತರ. ಅದಕ್ಕಿಂತ ಮುಖ್ಯವಾದದ್ದು, ಬಿಸಿಲಿದ್ದಷ್ಟು ಹೊತ್ತೂ ಬಿಟ್ಟಿಯಾಗಿ ಓಡುವ ಪಂಪು ಬೋರನ್ನು ಇನ್ನೂ ಬೇಗ ಬರಿದು ಮಾಡಬಲ್ಲದು. 2019ರಲ್ಲಿ ಆರಂಭವಾದ, ಪಂಪ್‌ಸೆಟ್ಟಿಗೆ ಸೌರಶಕ್ತಿ ಒದಗಿಸುವ ಕುಸುಮ್ ಯೋಜನೆ ಹಗಲು ಹೊತ್ತಿನಲ್ಲಿ ಕರೆಂಟ್ ಕೊಟ್ಟರೆ, ರಾತ್ರಿ ಹಾವು ಚೇಳಿನ ನಡುವೆ ನೀರು ಕಟ್ಟುವ ಕಷ್ಟ ತಪ್ಪುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಸೌರಫಲಕ ಕರೆಂಟಿನ ಮೂಲವನ್ನು ಬದಲಿಸುತ್ತದೆಯೇ ಹೊರತು ನೀರಿನ ಆಳವನ್ನಲ್ಲ.

ಹಾಗಾದರೆ ಸಾಕಷ್ಟು ಕರೆಂಟ್ ಎಂಬುದು ಸಿಗುವುದೆಲ್ಲಿ? ಮೇಲಿನ ಲೆಕ್ಕದ ಪ್ರಕಾರ ನೀರಿನ ಮಟ್ಟ 30 ಅಡಿ ಮೇಲೆ ಬಂದರೆ ಎಕರೆಯ ಪ್ರತಿ ನೀರಿಗೆ ಸುಮಾರು 13 ಯೂನಿಟ್ ಉಳಿತಾಯ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಆ ಯೋಜನೆಯ ನೀರು ಈ ಎರಡು ತಾಲ್ಲೂಕಿನ ಕೆರೆಗಳಿಗೆ ಬಂದು ನೆಲಕ್ಕಿಂಗಿದರೆ ಅದನ್ನು ನೀರಾವರಿಯ ಲಾಭವೆಂದಷ್ಟೇ ಅಲ್ಲ, ವಿದ್ಯುತ್ ಉಳಿತಾಯವೆಂದೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆರೆಯ ಹೂಳು, ಹನಿ ನೀರಾವರಿಯ ಪೈಪು, ಕೆಟ್ಟ ಪಂಪಿನ ಬದಲಾವಣೆ, ಇವಕ್ಕೆ ಸುರಿದ ಹಣವನ್ನೂ ಹೊಸ ಟಿಸಿಗೆ ಸುರಿದ ಹಣದ ಪಕ್ಕದಲ್ಲೇ ತೂಗಿ ನೋಡಬೇಕು. ಇಂದು ಪಂಪ್‌ಸೆಟ್ ಸಂಪರ್ಕ ಕೇಳಿದರೆ ಅರ್ಜಿಯಲ್ಲಿ ಎದ್ದು ಕಾಣುವುದು ಎಚ್‌ಪಿ. ಅದರ ಪಕ್ಕದಲ್ಲೇ ಬೋರಿನ ನೀರಿನ ಮಟ್ಟವನ್ನೂ ಬರೆಸಿ, ವರ್ಷಕ್ಕೊಮ್ಮೆ ಅಳೆದು, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಹಾಕಬೇಕು. ಹುಳುಮನೆ ಕಟ್ಟಲು ಹೊರಟವರು ಹೀಟರು, ಫಾಗರಿನ ದರ ವಿಚಾರಿಸುವ ಮೊದಲು ಆ ಗೋಡೆಯನ್ನೊಮ್ಮೆ ನೋಡಿ ಬರಲಿ.