ಹಿಮಕುಸಿತಕ್ಕೆ ಸಿದ್ಧತೆ: ಆಲ್ಪ್ಸ್ ಊರುಗಳು ಕಲಿತ ಪಾಠ

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರು ಹಿಮದಡಿ ಹೂತುಹೋದದ್ದು ನಿಮಗೆ ನೆನಪಿರಬಹುದು. ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಫೆಬ್ರವರಿ 11ರಂದು ನಿಧನರಾದರು. ಇಂತಹ ಘಟನೆಯನ್ನು 'ಹಿಮಪಾತ' ಎನ್ನುವುದು ರೂಢಿ. ಆದರೆ ಹಿಮಪಾತವೆಂದರೆ ಆಕಾಶದಿಂದ ಹಿಮ ಬೀಳುವುದು. ಇಳಿಜಾರಿನಲ್ಲಿ ಸಂಗ್ರಹವಾದ ಹಿಮ ಒಮ್ಮೆಗೇ ಜಾರುವುದು ಹಿಮಕುಸಿತ. ಮೊದಲನೆಯದನ್ನು ಕೆಲವು ದಿನ ಮುಂಚಿತವಾಗಿ ಊಹಿಸಬಹುದು. ಎರಡನೆಯದರ ಗಳಿಗೆಯನ್ನು ಇಂದಿಗೂ ಯಾರೂ ಖಚಿತವಾಗಿ ಹೇಳಲಾರರು.

ಯೋಧರು ಕರ್ತವ್ಯದ ಮೇಲೆ ಅಲ್ಲಿಗೆ ಹೋಗುತ್ತಾರೆ. ಅಂತಹ ಇಳಿಜಾರುಗಳ ಕೆಳಗೇ ತಲೆತಲಾಂತರದಿಂದ ಊರು ಕಟ್ಟಿಕೊಂಡು ಬಾಳುವವರೂ ಇದ್ದಾರೆ. ಯಾವಾಗ ಬರುವುದೆಂದು ತಿಳಿಯದ ವಿಪತ್ತಿಗೆ ಅವರು ಹೇಗೆ ಸಿದ್ಧರಾಗುತ್ತಾರೆ? ಯುರೋಪಿನ ಆಲ್ಪ್ಸ್ ಪರ್ವತಗಳ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ.

ಕಾಡೇ ಕೋಟೆ

ಸ್ವಿಟ್ಜರ್ಲೆಂಡಿನ ಆಂಡರ್‌ಮ್ಯಾಟ್ ಊರಿನವರು 1397ರಲ್ಲಿ ಒಂದು ಕಟ್ಟಳೆ ಮಾಡಿಕೊಂಡರು: ಊರಿನ ಮೇಲ್ಗಡೆಯ ಕಾಡಿನಲ್ಲಿ ಯಾರೂ ಮರ ಕಡಿಯಕೂಡದು. ನ್ಯೂಟನ್ ಹುಟ್ಟಲು ಆಗ ಇನ್ನೂ ಸುಮಾರು ಎರಡೂವರೆ ಶತಮಾನಗಳಿದ್ದವು. ಬಲ, ಘರ್ಷಣೆಗಳ ಲೆಕ್ಕ ಅವರಿಗೆ ತಿಳಿಯದು. ಆದರೂ ಮರಗಳ ಕಾಂಡಗಳು ಹಿಮವನ್ನು ಇಳಿಜಾರಿನಲ್ಲೇ ಹಿಡಿದಿಡುತ್ತವೆ ಎಂಬುದನ್ನು ಅನುಭವ ಕಲಿಸಿತ್ತು. ದಾವೋಸ್ ಬಳಿಯ ಫ್ರಾವೆನ್‌ಕಿರ್ಷ್‌ನಲ್ಲಿ 17ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಚರ್ಚಿನ ಹಿಂಗೋಡೆ, ಬೆಟ್ಟಕ್ಕೆ ಎದುರಾಗಿ ಹಡಗಿನ ಮೂತಿಯಂತೆ ಚೂಪಾಗಿದೆ. ಬರುವ ಹಿಮವನ್ನು ಇಬ್ಭಾಗ ಮಾಡಿ ಪಕ್ಕಕ್ಕೆ ಸರಿಸುವ ಉಪಾಯ ಅದು.

ಹಿಮದೊಳಗಿನ 'ಸಕ್ಕರೆ'

ವೈಜ್ಞಾನಿಕ ಅಧ್ಯಯನ ನೆಲೆಗೊಂಡದ್ದು 1936ರಲ್ಲಿ. ದಾವೋಸ್‌ನ ಮೇಲಿರುವ ವೈಸ್‌ಫ್ಲೂಯೋಖ್‌ನಲ್ಲಿ, 2,600 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ, ಸಂಶೋಧಕರು ಪುಟ್ಟ ಪ್ರಯೋಗಾಲಯ ತೆರೆದರು. ನೆಲಕ್ಕೆ ತಾಗಿದ ಹಿಮದ ತಾಪ 0° ಸೆಲ್ಸಿಯಸ್ ಸಮೀಪದಲ್ಲಿರುತ್ತದೆ. ಮೇಲ್ಮೈ ಇರುಳಿನಲ್ಲಿ ಮೈನಸ್ 20°ಗೂ ಇಳಿಯಬಹುದು. ಹಿಮದ ಹೊದಿಕೆ ತೆಳುವಾಗಿದ್ದಷ್ಟೂ ಪ್ರತಿ ಮೀಟರಿಗೆ ತಾಪದ ವ್ಯತ್ಯಾಸ ಹೆಚ್ಚು. ಆಗ ನೀರಾವಿ ಕೆಳಗಿನಿಂದ ಮೇಲಕ್ಕೆ ಚಲಿಸಿ, ಒಂದಕ್ಕೊಂದು ಅಂಟದ ಒರಟು ಸ್ಫಟಿಕಗಳು ಬೆಳೆಯುತ್ತವೆ. ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಉದುರುತ್ತವೆ. ಈ ದುರ್ಬಲ ಪದರದ ಮೇಲೆ ಬಿರುಗಾಳಿ ಹೊಸ ಹಿಮವನ್ನು ಹೇರಿದರೆ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇಡೀ ಹೊದಿಕೆಯೇ ಜಾರಬಹುದು.

ಅಂದರೆ ಬಿರುಗಾಳಿ ಎಷ್ಟು ಹಿಮ ತರುತ್ತದೆ ಎಂದು ತಿಳಿದರಷ್ಟೇ ಸಾಲದು. ಹೊರಗೆ ಕಾಣದ ಆ ಪದರ ಎಷ್ಟು ಭಾರ ತಾಳಬಲ್ಲದು ಎಂಬುದೂ ತಿಳಿಯಬೇಕು. ಅದು ಒಂದೇ ಇಳಿಜಾರಿನಲ್ಲೂ ಜಾಗದಿಂದ ಜಾಗಕ್ಕೆ ಬೇರೆ. ಅನಿಶ್ಚಿತತೆಯ ಮೂಲ ಇಲ್ಲಿದೆ.

ಹಗುರವಾದ ಹಿಮದ ದೂಳಿಗೂ ಎಷ್ಟು ಬಲ ನೋಡಿ. ಘನ ಮೀಟರಿಗೆ 10 ಕಿಲೋಗ್ರಾಂ ಸಾಂದ್ರತೆಯ ಹಿಮದ ಮೋಡ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಬಡಿದರೆ, ಒತ್ತಡ ಸುಮಾರು 36,000 ಪಾಸ್ಕಲ್. 2 ಚದರ ಮೀಟರಿನ ಬಾಗಿಲ ಮೇಲೆ ಅದು ಏಳು ಟನ್ ತೂಕಕ್ಕೆ ಸಮ.

ಎರಡು ಚಳಿಗಾಲಗಳು

1950-51ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹಿಮಕುಸಿತಗಳಿಗೆ 98 ಜನ ಬಲಿಯಾದರು. ಆಮೇಲೆ ಇಳಿಜಾರುಗಳಲ್ಲಿ ಉಕ್ಕಿನ ತಡೆಗಳು ಎದ್ದವು. ಅಪಾಯದ ವಲಯಗಳನ್ನು ಗುರುತಿಸಿದ ನಕಾಶೆಗಳು ಬಂದವು. ಮುನ್ಸೂಚನೆ ಸುಧಾರಿಸಿತು. 1993ರಲ್ಲಿ ಯುರೋಪಿನ ದೇಶಗಳು ಐದು ಹಂತಗಳ ಸಮಾನ ಅಪಾಯಸೂಚಿಯನ್ನು ಒಪ್ಪಿಕೊಂಡವು. 'ನಾಳೆ ಕುಸಿಯುತ್ತದೆ' ಎಂದು ಅದು ಹೇಳುವುದಿಲ್ಲ. ಅಪಾಯ ಎಷ್ಟು ಎಂದಷ್ಟೇ ಹೇಳುತ್ತದೆ. ರಸ್ತೆ ಮುಚ್ಚಬೇಕೆ, ಮನೆ ತೆರವು ಮಾಡಿಸಬೇಕೆ ಎಂಬುದನ್ನು ಊರಿನವರು ತೀರ್ಮಾನಿಸಬೇಕು. 1999ರ ಫೆಬ್ರವರಿಯಲ್ಲಿ ಬಿರುಗಾಳಿಗಳು ಒಂದರ ಹಿಂದೊಂದು ಬಂದು ಕೆಲವೆಡೆ ಐದು ಮೀಟರಿಗೂ ಹೆಚ್ಚು ಹಿಮ ಸುರಿದಾಗ, ಹಾನಿ ಮಾಡಿದ ಕುಸಿತಗಳ ಸಂಖ್ಯೆ ಹೆಚ್ಚುಕಡಿಮೆ 1951ರಷ್ಟೇ ಇತ್ತು. ಸತ್ತವರು 17. ಸಿದ್ಧತೆಯ ಫಲವಿದು.

ಆದರೆ ಅದೇ ತಿಂಗಳ 23ರಂದು ನೆರೆಯ ಆಸ್ಟ್ರಿಯದ ಗಾಲ್ಟ್ಯೂರ್‌ನಲ್ಲಿ ಹಿಮವು ನಕಾಶೆಯ 'ಸುರಕ್ಷಿತ' ಹಸಿರು ವಲಯಕ್ಕೂ ನುಗ್ಗಿತು. 31 ಜನ ಸತ್ತರು. ಹಿಂದಿನ ದಾಖಲೆಗಳಲ್ಲಿ ಹಿಮ ಅಷ್ಟು ದೂರ ಬಂದಿರಲಿಲ್ಲ. ಇದುವರೆಗೆ ಆಗಿಲ್ಲ ಎಂಬುದು ಆಗಲಾರದು ಎಂಬುದಕ್ಕೆ ಪುರಾವೆಯಲ್ಲ. ನಕಾಶೆಗಳನ್ನು ಮತ್ತೆ ಬರೆಯಬೇಕಾಯಿತು. ಊರಿಗೆ ಭಾರಿ ತಡೆಗೋಡೆ ಬಂದಿತು.

ನಮ್ಮ ದೇಶದಲ್ಲೂ ಈ ಅಧ್ಯಯನಕ್ಕಾಗಿ 1969ರಲ್ಲಿ ಮನಾಲಿಯಲ್ಲಿ ರಕ್ಷಣಾ ಸಂಶೋಧನೆಯ ಒಂದು ಸಂಸ್ಥೆ ಆರಂಭವಾಯಿತು.

ನೀವೇ ಮಾಡಿ ನೋಡಿ

ಒಂದು ಹಲಗೆಯ ಮೇಲೆ ಒಣ ಮರಳು ಹರಡಿ, ಒಂದು ತುದಿಯನ್ನು ಮೆಲ್ಲನೆ ಎತ್ತಿ. ಮರಳು ಜಾರಿದ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಅತಿ ದೂರ ಉರುಳಿದ ಕಣದ ಸ್ಥಾನವನ್ನು ಮೇಜಿನ ಮೇಲೆ ಗುರುತು ಮಾಡಿ. ಹತ್ತು ಸಲ ಪುನರಾವರ್ತಿಸಿ. ಕೋನಗಳು ಹತ್ತಿರ ಹತ್ತಿರವಿರುತ್ತವೆ, ಒಂದೇ ಆಗಿರುವುದಿಲ್ಲ. ಈಗ ಅತಿ ದೂರದ ಗುರುತಿನಲ್ಲಿ ಗೆರೆ ಎಳೆದು ವಿದ್ಯಾರ್ಥಿಗಳನ್ನು ಕೇಳಿ: ಹನ್ನೊಂದನೆಯ ಸಲ ಮರಳು ಈ ಗೆರೆ ದಾಟುವುದಿಲ್ಲವೆಂದು ಹೇಳಬಲ್ಲಿರಾ? ನಿಮ್ಮ ಮನೆಯನ್ನು ಎಲ್ಲಿ ಕಟ್ಟುವಿರಿ?